ಡೆಲಿವರಿ ಹುಡುಗರಿಗೂ ಪಿಎಫ್ ಬಂತಾ? ಹೊಸ ಕಾನೂನು ನಿಜಕ್ಕೂ ಏನು ಕೊಡುತ್ತದೆ

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಹಳೆಯ 29 ಕಾನೂನುಗಳ ಜಾಗಕ್ಕೆ ನಾಲ್ಕೇ ನಾಲ್ಕು. ಅದರ ಬೆನ್ನಿಗೇ ಒಂದು ಮಾತು ಎಲ್ಲ ಕಡೆ ಹರಡಿತು: ಊಟ ತಲುಪಿಸುವವರಿಗೆ, ಆ್ಯಪ್ ಕ್ಯಾಬ್ ಓಡಿಸುವವರಿಗೆ ಇನ್ನು ಮೇಲೆ ಪಿಎಫ್, ಇಎಸ್‌ಐ ಎಲ್ಲ ಸಿಗುತ್ತದೆ ಅಂತ. ಕರ್ನಾಟಕದವರಿಗೆ ಗೊಂದಲ ಇನ್ನೂ ಜಾಸ್ತಿ. ಯಾಕೆಂದರೆ ಅದೇ ವರ್ಷ ನಮ್ಮ ರಾಜ್ಯವೂ ಗಿಗ್ ಕಾರ್ಮಿಕರಿಗಾಗಿ, ಅಂದರೆ ತಿಂಗಳ ಸಂಬಳವಿಲ್ಲದೆ ಒಂದೊಂದು ಕೆಲಸಕ್ಕೆ ಇಷ್ಟು ಎಂದು ದುಡಿಯುವ ಇಂಥವರಿಗಾಗಿ, ಬೇರೆಯೇ ಕಾನೂನು ಮಾಡಿತ್ತು. ಹಾಗಾದರೆ ಯಾವ ಕಾನೂನು ನಡೆಯುತ್ತದೆ? ದುಡ್ಡು ಕಟ್ಟುವವರು ಯಾರು? ಕಟ್ಟಿದ ದುಡ್ಡು ಯಾವ ರೂಪದಲ್ಲಿ ವಾಪಸ್ ಬರುತ್ತದೆ?

ಮೊದಲು ಪಿಎಫ್ ವಿಷಯ ಹೇಳಿಬಿಡೋಣ. ಸಂಬಳದ ನೌಕರನಿಗೆ ಇರುವಂಥ ಪಿಎಫ್ ಗಿಗ್ ಕೆಲಸಗಾರರಿಗೆ ಬಂದಿಲ್ಲ. ಇಎಸ್‌ಐ ಆಸ್ಪತ್ರೆ ಸೌಲಭ್ಯವನ್ನು ಅವರಿಗೂ ಕೊಡಬಹುದು ಅಂತ ಸಂಹಿತೆ ಬಾಗಿಲು ತೆರೆದಿಟ್ಟಿದೆ. ಆದರೆ ಅದಕ್ಕೆ ಬೇರೆ ಯೋಜನೆಯೇ ಬರಬೇಕು. ಬಂದಿರುವುದು ಮೂರನೆಯ ಒಂದು ದಾರಿ: ಕೆಲಸಗಾರನನ್ನು ನೌಕರ ಎಂದು ಒಪ್ಪದೆ, ಅವನ ಹೆಸರಿನಲ್ಲಿ ಕಂಪನಿಯಿಂದ ಒಂದಿಷ್ಟು ವಂತಿಗೆ ತೆಗೆದುಕೊಂಡು, ಆ ಹಣದಿಂದ ವಿಮೆ, ಆರೋಗ್ಯ, ಮುಪ್ಪಿನ ನೆರವು ಕೊಡುವುದು.

ಇದು ಒಳ್ಳೆಯದೇ? ಹೌದು. ಸಾಕೇ? ಇಲ್ಲ. ಹೌದು ಮತ್ತು ಇಲ್ಲದ ನಡುವೆ ಏನಿದೆ ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಎಲ್ಲ ಶುರುವಾಗುವುದು ಮಾಲೀಕನಿಂದ

ನಮ್ಮಲ್ಲಿ ಸಾಮಾಜಿಕ ಭದ್ರತೆ ಅಂದರೆ ಮೊದಲಿನಿಂದಲೂ ಮಾಲೀಕನ ಮೂಲಕ ಬರುವುದು. 20 ಜನ ಇರುವ ಕಡೆ ಪಿಎಫ್, 10 ಜನ ಇರುವ ಕಡೆ ಇಎಸ್‌ಐ. ಮಾಲೀಕ ಹಾಜರಿ ಪುಸ್ತಕ ಇಡುತ್ತಾನೆ. ತನ್ನ ಪಾಲು ಹಾಕುತ್ತಾನೆ, ಕೆಲಸಗಾರನ ಪಾಲು ಹಿಡಿಯುತ್ತಾನೆ, ಎರಡನ್ನೂ ಸೇರಿಸಿ ಕಟ್ಟುತ್ತಾನೆ. ಈ ಸರಪಳಿಯ ಮೊದಲ ಕೊಂಡಿಯೇ ಮಾಲೀಕ. ಆ ಕೊಂಡಿ ಇಲ್ಲದಿದ್ದರೆ ಮುಂದಿನದ್ದು ಯಾವುದೂ ಇಲ್ಲ.

ಯುರೋಪಿನ ಕಾರ್ಖಾನೆಗಳ ಕಾಲದಲ್ಲಿ ಹುಟ್ಟಿದ ವ್ಯವಸ್ಥೆ ಇದು. ಅಲ್ಲಿ ಬಹುತೇಕರಿಗೆ ಮಾಲೀಕ ಇದ್ದ. ನಮ್ಮಲ್ಲಿ ಇಲ್ಲ. 2023-24ರ ಕಾರ್ಮಿಕ ಸಮೀಕ್ಷೆಯ ಪ್ರಕಾರ ದೇಶದ ದುಡಿಯುವವರಲ್ಲಿ ಶೇ 58.4ರಷ್ಟು ಜನ ಸ್ವಂತ ಉದ್ಯೋಗದವರು. ಹೊಲ, ಅಂಗಡಿ, ತಳ್ಳುಗಾಡಿ, ಟೈಲರಿಂಗ್, ಆಟೋ ಎಲ್ಲ ಇದರಲ್ಲೇ ಬಂತು. ಸುಮಾರು ಶೇ 20ರಷ್ಟು ಜನ ದಿನಗೂಲಿಗಳು. ತಿಂಗಳ ಸಂಬಳ ಅಂತ ಎಣಿಸುವವರು ಶೇ 22ರ ಹತ್ತಿರ. ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಜನರ ಕೈಯಲ್ಲಿ ನೇಮಕಾತಿ ಪತ್ರವೇ ಇಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಜಗತ್ತಿನಲ್ಲಿ 200 ಕೋಟಿ ಜನ ಅನೌಪಚಾರಿಕ ಕೆಲಸ ಮಾಡುತ್ತಾರೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಲೆಕ್ಕ ಹಾಕಿದೆ. ಪಿಂಚಣಿಯೋ ಹೆರಿಗೆ ಭತ್ಯೆಯೋ, ಯಾವುದಾದರೂ ಒಂದು ಸೌಲಭ್ಯವಾದರೂ ಸಿಗುವವರು ಜಗತ್ತಿನ ಜನಸಂಖ್ಯೆಯಲ್ಲಿ ಶೇ 52.4. ಅರ್ಧ ದಾಟಿದ್ದೇ ಇತ್ತೀಚೆಗೆ. ತೀರಾ ಬಡ ದೇಶಗಳಲ್ಲಿ ಈ ಪ್ರಮಾಣ ಶೇ 10 ಕೂಡ ಮುಟ್ಟಿಲ್ಲ.

ಹಾಗಾಗಿ ಬಡ ದೇಶಗಳೆಲ್ಲ ಒಂದೇ ಪ್ರಶ್ನೆ ಎದುರಿಸುತ್ತಿವೆ: ಮಾಲೀಕ ಎಂಬ ಮೊದಲ ಕೊಂಡಿ ಇಲ್ಲದವರನ್ನು ಯಾವುದಕ್ಕೆ ಕಟ್ಟುವುದು?

ಬೀಡಿ ಬ್ರಾಂಚಿನಲ್ಲಿ ಇದು ಹಳೇ ಪ್ರಶ್ನೆ

"ನಾವು ಮಾಲೀಕರಲ್ಲ, ಕೆಲಸ ಕೊಡುವವರನ್ನೂ ಮಾಡುವವರನ್ನೂ ಸೇರಿಸುತ್ತೇವೆ ಅಷ್ಟೇ" ಎಂದು ಆ್ಯಪ್ ಕಂಪನಿಗಳು ಹೇಳುತ್ತವೆ. ಹೊಸ ವಾದದಂತೆ ಕೇಳಿಸುತ್ತದೆ, ಅಲ್ವಾ? ದಕ್ಷಿಣ ಕನ್ನಡ, ಉಡುಪಿಯ ಬೀಡಿ ಕಟ್ಟುವ ಹೆಂಗಸರಿಗೆ ಇದು ಹೊಸದಲ್ಲ.

ಬೀಡಿ ಕೆಲಸ ನಡೆಯುವುದು ಮನೆಯ ಜಗಲಿಯಲ್ಲಿ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುತ್ತಾರೆ. ಅಡುಗೆ, ದನಕರು, ಮಕ್ಕಳ ನಡುವೆ ಬಿಡುವಾದಾಗ ಕಟ್ಟುತ್ತಾರೆ. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಹೊತ್ತಿಗೆ ಸರಿಯಾಗಿ ಬರಬೇಕೆಂಬ ನಿಯಮ ಇಲ್ಲ, ಮೇಲ್ವಿಚಾರಕ ಪಕ್ಕದಲ್ಲಿ ನಿಂತಿರುವುದಿಲ್ಲ. ಹೀಗಿರುವಾಗ ಇವರು ನಮ್ಮ ನೌಕರರೇ ಅಲ್ಲ, ಪಿಎಫ್ ಯಾಕೆ ಕಟ್ಟಬೇಕು ಎಂದು ಬೀಡಿ ಉದ್ಯಮ ಕೋರ್ಟಿಗೆ ಹೋಯಿತು.

1985ರಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ಮನೆಯಲ್ಲೇ ಕೂತು ಬೀಡಿ ಕಟ್ಟುವವರಿಗೂ ಪಿಎಫ್ ಅನ್ವಯಿಸುತ್ತದೆ ಎಂದಿತು. ಕೋರ್ಟ್ ಹಿಡಿದ ಎಳೆ ತುಂಬಾ ಸರಳ. ಕಟ್ಟಿದ ಬೀಡಿಯನ್ನು ಪರೀಕ್ಷಿಸಿ "ಇದು ಸರಿಯಿಲ್ಲ" ಎಂದು ಪಕ್ಕಕ್ಕೆ ಹಾಕುವ ಹಕ್ಕು ಯಾರ ಕೈಯಲ್ಲಿದೆ? ಬ್ರಾಂಚಿನ ಕೈಯಲ್ಲಿ. ತಿರಸ್ಕರಿಸುವ ಆ ಹಕ್ಕೇ ಹತೋಟಿ. ಹತೋಟಿ ಇದ್ದ ಮೇಲೆ ಅವರು ಮಾಲೀಕರೇ.

ಈಗ ಬೀಡಿ ಬ್ರಾಂಚನ್ನು ತೆಗೆದು ಅಲ್ಲಿ ಫೋನ್ ಇಟ್ಟು ನೋಡಿ. ದರ ಗೊತ್ತು ಮಾಡುವುದು ಆ್ಯಪ್. ಯಾರಿಗೆ ಯಾವ ಆರ್ಡರ್ ಎಂದು ಹಂಚುವುದು ಆ್ಯಪ್. ರೇಟಿಂಗ್ ಇಳಿದರೆ ಕೆಲಸ ಕಡಿಮೆಯಾಗುತ್ತದೆ. ದೂರು ಬಂದರೆ ಐಡಿ ಬ್ಲಾಕ್ ಆಗುತ್ತದೆ. ಐಡಿ ಬ್ಲಾಕ್ ಆದವನು ಬೀಡಿ ತಿರಸ್ಕೃತವಾದವರಿಗಿಂತ ಕಷ್ಟದಲ್ಲಿರುತ್ತಾನೆ. ಅವರ ಒಂದು ಕಂತೆ ಹೋಗುತ್ತಿತ್ತು, ಇವನ ಪೂರ್ತಿ ಕೆಲಸವೇ ಹೋಗುತ್ತದೆ.

ಈ ಹೋಲಿಕೆ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಆದರೂ ಶಾಸನ ಮಾಡಿದವರು ಆ ದಾರಿ ಹಿಡಿಯಲಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕೆಲಸಗಾರನಿಗೆ ಕೊಟ್ಟಿರುವ ವ್ಯಾಖ್ಯೆಯೇ "ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಹೊರಗೆ ದುಡಿಯುವವನು" ಎಂಬರ್ಥದ್ದು. ಒಂದೇ ವಾಕ್ಯದಲ್ಲಿ ಅವನಿಗೆ ಮೊದಲ ಬಾರಿಗೆ ಕಾನೂನಿನಲ್ಲಿ ಹೆಸರು ಸಿಕ್ಕಿತು. ಅದೇ ವಾಕ್ಯದಲ್ಲಿ ಕನಿಷ್ಠ ವೇತನ, ಕೆಲಸದ ಅವಧಿ, ಪಿಎಫ್ ಇರುವ ಮನೆಯ ಹೊಸ್ತಿಲಾಚೆ ಅವನನ್ನು ನಿಲ್ಲಿಸಿದ್ದೂ ಆಯಿತು.

ಕೇಂದ್ರದ ಲೆಕ್ಕ, ರಾಜ್ಯದ ಲೆಕ್ಕ

ಕೇಂದ್ರದ ಸಂಹಿತೆ ಕಂಪನಿಯ ವಾರ್ಷಿಕ ವಹಿವಾಟು ನೋಡುತ್ತದೆ. ಅದರಲ್ಲಿ ಶೇ 1ರಿಂದ 2ರಷ್ಟು ಸಾಮಾಜಿಕ ಭದ್ರತಾ ನಿಧಿಗೆ ಹೋಗಬೇಕು. ಆದರೆ ಕೆಲಸಗಾರರಿಗೆ ಕೊಟ್ಟ ಮೊತ್ತದ ಶೇ 5ನ್ನು ಅದು ಮೀರುವ ಹಾಗಿಲ್ಲ. 1,000 ಕೋಟಿ ರೂಪಾಯಿ ವಹಿವಾಟಿನ ಕಂಪನಿ ಅಂದುಕೊಳ್ಳಿ. ಶೇ 1ರಿಂದ 2 ಅಂದರೆ 10ರಿಂದ 20 ಕೋಟಿ. ಅದು ಕೆಲಸಗಾರರಿಗೆ ಕೊಟ್ಟಿದ್ದು 300 ಕೋಟಿ ಆಗಿದ್ದರೆ ಮಿತಿ 15 ಕೋಟಿ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಕರ್ನಾಟಕದ ಕಾನೂನಿನ ದಾರಿ ಬೇರೆ. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದ ಈ ಕಾನೂನು ಪ್ರತಿ ವಹಿವಾಟನ್ನೂ ನೋಡುತ್ತದೆ. ಒಂದೊಂದು ಆರ್ಡರ್‌ಗೂ ಕೆಲಸಗಾರನಿಗೆ ಎಷ್ಟು ಸಿಗುತ್ತದೋ ಅದರ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕೆಲಸಗಾರನ ದುಡಿಮೆಯಿಂದ ಕಡಿತ ಮಾಡುವುದಲ್ಲ, ಅದರ ಮೇಲೆ ಲೆಕ್ಕ ಹಾಕಿ ಕಂಪನಿ ಪ್ರತ್ಯೇಕವಾಗಿ ಕೊಡುವುದು.

ಇದನ್ನು ಒಬ್ಬ ಮನುಷ್ಯನ ಲೆಕ್ಕದಲ್ಲಿ ನೋಡೋಣ. ಆರ್ಡರ್‌ಗೆ 40 ರೂಪಾಯಿ, ದಿನಕ್ಕೆ 25 ಆರ್ಡರ್ ಅಂದುಕೊಂಡರೆ ದಿನಕ್ಕೆ 1,000 ರೂಪಾಯಿ. ತಿಂಗಳಿಗೆ 26 ದಿನ ದುಡಿದರೆ 26,000. ಪೆಟ್ರೋಲು, ಬೈಕಿನ ಕಂತು, ರಿಪೇರಿ ಎಲ್ಲ ಇದರಲ್ಲೇ ಹೋಗಬೇಕು. ಶುಲ್ಕ ಶೇ 1 ಆದರೆ ಅವನ ಹೆಸರಿನಲ್ಲಿ ನಿಧಿಗೆ ತಿಂಗಳಿಗೆ 260 ರೂಪಾಯಿ ಜಮೆ. ಶೇ 5 ಆದರೆ 1,300. ಈಗ ಪಕ್ಕದಲ್ಲಿ 15,000 ರೂಪಾಯಿ ಮೂಲ ವೇತನದ ಕಾರ್ಖಾನೆ ನೌಕರನನ್ನು ಇಟ್ಟು ನೋಡಿ. ಶೇ 12ರಂತೆ ಮಾಲೀಕನ ಪಾಲೇ ತಿಂಗಳಿಗೆ 1,800 ರೂಪಾಯಿ. ಇಎಸ್‌ಐ ಬೇರೆ, ಗ್ರಾಚ್ಯುಯಿಟಿ ಬೇರೆ. ಅಂದರೆ ಗರಿಷ್ಠ ಶುಲ್ಕ ಹಾಕಿದರೂ ಗಿಗ್ ಕೆಲಸಗಾರನ ಭದ್ರತೆ ಪಿಎಫ್ ಒಂದನ್ನೂ ಮುಟ್ಟುವುದಿಲ್ಲ. ಕನಿಷ್ಠ ಹಾಕಿದರೆ ಹತ್ತಿರವೂ ಬರುವುದಿಲ್ಲ.

ಹಾಗಂತ 260 ರೂಪಾಯಿ ವ್ಯರ್ಥ ಎನ್ನುವಂತಿಲ್ಲ. ಒಬ್ಬನ ಲೆಕ್ಕದಲ್ಲಿ ಅದು ಚಿಲ್ಲರೆ. ಲಕ್ಷ ಜನರದು ಸೇರಿದರೆ ತಿಂಗಳಿಗೆ 2.6 ಕೋಟಿ. ಅಪಘಾತ ಎಲ್ಲರಿಗೂ ಆಗುವುದಿಲ್ಲ. ಆದ ಕೆಲವರಿಗೆ ಆ ರಾಶಿಯಿಂದ ದೊಡ್ಡ ಮೊತ್ತ ಕೊಡಬಹುದು. ವಿಮೆಯ ಕೆಲಸವೇ ಅದು. ಇದಕ್ಕೂ ಮೊದಲು, 2023ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗೆ ಒಟ್ಟು 4 ಲಕ್ಷ ರೂಪಾಯಿಯ ವಿಮೆ ಘೋಷಿಸಿತ್ತು. ಅದು ಸರ್ಕಾರದ ದುಡ್ಡು. ಈಗಿನದು ಕಂಪನಿಗಳ ದುಡ್ಡು. ಅಷ್ಟರಮಟ್ಟಿಗೆ ಇದು ದೊಡ್ಡ ಹೆಜ್ಜೆ.

ರಾಜ್ಯದ ಕಾನೂನಿನಲ್ಲಿ ಹಣಕ್ಕಿಂತ ಹೆಚ್ಚು ಬೆಲೆಯ ಇನ್ನೊಂದು ಮಾತಿದೆ. ಕೆಲಸದಿಂದ ತೆಗೆಯಬೇಕಾದರೆ 14 ದಿನ ಮೊದಲು, ಕಾರಣ ಸಹಿತ, ಬರಹದಲ್ಲಿ ತಿಳಿಸಬೇಕು. ದರ ಹೇಗೆ ನಿಗದಿಯಾಗುತ್ತದೆ, ರೇಟಿಂಗ್ ಹೇಗೆ ನಡೆಯುತ್ತದೆ ಎಂಬುದನ್ನು ಕೆಲಸಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಬೆಳಗ್ಗೆ ಎದ್ದು ಆ್ಯಪ್ ತೆರೆದರೆ ಐಡಿ ಬ್ಲಾಕ್, ಯಾರನ್ನು ಕೇಳಬೇಕು ಗೊತ್ತಿಲ್ಲ ಎಂಬ ಸ್ಥಿತಿಯಲ್ಲಿರುವವನಿಗೆ ಇದು ವಿಮೆಗಿಂತ ಮುಖ್ಯ.

ಕೇಂದ್ರ, ರಾಜ್ಯ ಎರಡೂ ಹಣ ಕೇಳಿದರೆ ಕಂಪನಿ ಎರಡೂ ಕಡೆ ಕಟ್ಟಬೇಕೇ? ಕಾರ್ಮಿಕರ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಇಬ್ಬರೂ ಕಾನೂನು ಮಾಡಬಹುದು. ಎರಡರ ನಡುವೆ ನೇರ ವಿರೋಧ ಬಂದರೆ ಸಾಮಾನ್ಯವಾಗಿ ಕೇಂದ್ರದ್ದೇ ನಿಲ್ಲುತ್ತದೆ. ರಾಷ್ಟ್ರಪತಿಗಳ ಒಪ್ಪಿಗೆ ಪಡೆದ ರಾಜ್ಯ ಕಾನೂನು ಮಾತ್ರ ಆ ರಾಜ್ಯದ ಮಟ್ಟಿಗೆ ಉಳಿಯುತ್ತದೆ. ಆದರೆ ಒಂದೇ ಉದ್ದೇಶಕ್ಕೆ ಎರಡು ವಂತಿಗೆ ಎಂಬುದು ವಿರೋಧವೋ, ಅಕ್ಕಪಕ್ಕ ನಡೆಯಬಹುದಾದ ಎರಡು ವ್ಯವಸ್ಥೆಯೋ ಎಂಬುದರ ಮೇಲೆ ವಾದ ನಡೆಯುವುದಂತೂ ಖಂಡಿತ.

ಕಂಪನಿಗಳ ಮಾತು, ಸಂಘಗಳ ಮಾತು

ಕಂಪನಿಗಳ ವಾದ ಇಷ್ಟು. ನಮ್ಮಲ್ಲಿ ಕೆಲಸ ಮಾಡುವವರಲ್ಲಿ ಕಾಲೇಜು ಹುಡುಗರಿದ್ದಾರೆ, ಸಂಜೆ ಎರಡು ಗಂಟೆ ಮಾತ್ರ ಬರುವವರಿದ್ದಾರೆ, ಮೂರು ಆ್ಯಪ್ ಒಟ್ಟಿಗೆ ಓಡಿಸುವವರಿದ್ದಾರೆ. ಇವರಲ್ಲಿ ಯಾರನ್ನು ಯಾರ ನೌಕರ ಎನ್ನುವುದು? ಬೇಕಾದಾಗ ಬರುವ, ಬೇಡವಾದಾಗ ಬಿಡುವ ಅನುಕೂಲ ಹೋದರೆ ಕೆಲಸಗಳೇ ಕಡಿಮೆಯಾಗುತ್ತವೆ. ಶುಲ್ಕ ಹೆಚ್ಚಿದರೆ ಅದು ಗ್ರಾಹಕರ ಬಿಲ್ಲಿಗೆ ಬರುತ್ತದೆ.

ಇದರಲ್ಲಿ ಮೊದಲ ಭಾಗ ನಿಜ. ಮೂರು ಆ್ಯಪ್ ಓಡಿಸುವವನಿಗೆ ಒಬ್ಬನೇ ಮಾಲೀಕ ಅಂತ ಹೇಳುವುದು ಕಷ್ಟ. ಆದರೆ ದಿನಕ್ಕೆ ಹತ್ತು ಹನ್ನೆರಡು ಗಂಟೆ, ವಾರಕ್ಕೆ ಆರು ದಿನ ಒಂದೇ ಬಣ್ಣದ ಟೀ-ಶರ್ಟ್ ಹಾಕಿಕೊಂಡು ಓಡಾಡುವವನಿಗೆ ಈ ಮಾತು ಹೊಂದುವುದಿಲ್ಲ. ಸಂಜೆ ಎರಡು ಗಂಟೆ ಬರುವವನನ್ನು ತೋರಿಸಿ ಹನ್ನೆರಡು ಗಂಟೆ ದುಡಿಯುವವನ ಹಕ್ಕನ್ನು ಕೈಬಿಡುವುದು ನ್ಯಾಯವಲ್ಲ.

ಸಂಘಗಳ ಬೇಡಿಕೆ ಬೇರೆಯೇ ಮಟ್ಟದ್ದು. 2025ರ ಡಿಸೆಂಬರ್ 31ರಂದು, ವರ್ಷದ ಅತಿ ಹೆಚ್ಚು ಆರ್ಡರ್ ಬರುವ ರಾತ್ರಿ, ದೇಶದ ಹಲವು ನಗರಗಳಲ್ಲಿ ಡೆಲಿವರಿ ಕೆಲಸಗಾರರು ಮುಷ್ಕರಕ್ಕೆ ಕರೆ ಕೊಟ್ಟರು. ಅವರು ಕೇಳಿದ್ದು ವಿಮೆ ಒಂದನ್ನೇ ಅಲ್ಲ. ಹತ್ತು ನಿಮಿಷದ ಡೆಲಿವರಿ ನಿಲ್ಲಿಸಿ, ಇಳಿಸಿದ ದರ ಏರಿಸಿ, ಕಾರಣ ಹೇಳದೆ ಐಡಿ ಬ್ಲಾಕ್ ಮಾಡಬೇಡಿ ಎಂದರು. ಇದನ್ನು ಗಮನಿಸಬೇಕು. ಹತ್ತು ನಿಮಿಷಕ್ಕೆ ಮುಟ್ಟಿಸಬೇಕೆಂದು ಸಿಗ್ನಲ್ ಹಾರಿಸಿ ಬಿದ್ದವನಿಗೆ ವಿಮೆ ಕೊಡುವುದು ಒಂದು. ಅವನು ಬೀಳದಂತೆ ನೋಡುವುದು ಇನ್ನೊಂದು. ಈಗಿನ ಕಾನೂನುಗಳು ಮೊದಲನೆಯದರ ಬಗ್ಗೆ ಜಾಸ್ತಿ ಮಾತಾಡುತ್ತವೆ.

ಅರ್ಥಶಾಸ್ತ್ರಜ್ಞರ ಕಡೆಯಿಂದ ಮೂರನೆಯ ಎಚ್ಚರಿಕೆಯೂ ಇದೆ. ಮೆಕ್ಸಿಕೊದ ಅನುಭವ ನೋಡಿ ಅಲ್ಲಿನ ಅರ್ಥಶಾಸ್ತ್ರಜ್ಞ ಸ್ಯಾಂಟಿಯಾಗೊ ಲೆವಿ ಇದನ್ನು ಬಹಳ ಕಾಲದಿಂದ ಹೇಳುತ್ತಿದ್ದಾರೆ. ನೌಕರ ಎಂದು ದಾಖಲಿಸಿದರೆ ಮಾಲೀಕನಿಗೆ ಖರ್ಚು ಹೆಚ್ಚು, ದಾಖಲಿಸದಿದ್ದರೆ ಕಡಿಮೆ ಎಂಬ ವ್ಯವಸ್ಥೆ ಇದ್ದರೆ, ದಾಖಲಿಸದೇ ಇರುವುದಕ್ಕೆ ನಾವೇ ಬಹುಮಾನ ಕೊಟ್ಟಂತೆ. ನಮ್ಮ ಸಂದರ್ಭಕ್ಕೆ ತಂದರೆ, ನೌಕರನಿಗೆ ಶೇ 12 ಪಿಎಫ್, ಗಿಗ್ ಕೆಲಸಗಾರನಿಗೆ ಶೇ 1 ಶುಲ್ಕ ಎಂದಾದರೆ, ಇಂದು ಸಂಬಳಕ್ಕೆ ಇರುವ ಗೋದಾಮಿನ ಹುಡುಗ, ಎಲೆಕ್ಟ್ರಿಷಿಯನ್, ನರ್ಸ್ ಕೂಡ ನಾಳೆ ನೌಕರರಲ್ಲದ "ಪಾರ್ಟ್‌ನರ್" ಆಗಬಹುದು. ನನಗೆ ಈ ಕಾನೂನಿನ ಬಗ್ಗೆ ಇರುವ ದೊಡ್ಡ ಭಯ ಇದೇ.

28,000 ಕೋಟಿ ಎಲ್ಲಿ ಕೂತಿತ್ತು

ಹಣ ಸಂಗ್ರಹಿಸುವ ಪ್ರಯೋಗ ನಮ್ಮಲ್ಲಿ ಹೊಸದೇನಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲೇ ಕಾನೂನು ಬಂತು. ಕಟ್ಟಡದ ವೆಚ್ಚದ ಮೇಲೆ ಶೇ 1 ಸೆಸ್. ಇವತ್ತು ಒಬ್ಬ ಮೇಸ್ತ್ರಿಯ ಕೈಕೆಳಗೆ, ನಾಳೆ ಇನ್ನೊಬ್ಬನ ಕೈಕೆಳಗೆ ಕೆಲಸ ಮಾಡುವವರಿಗೆ ಸ್ಥಿರ ಮಾಲೀಕ ಇಲ್ಲ. ಆದ್ದರಿಂದ ಮಾಲೀಕನ ಬದಲು ಕಟ್ಟಡಕ್ಕೇ ಕಟ್ಟಿದರು. ಒಳ್ಳೆಯ ಯೋಚನೆ. ಸಂಗ್ರಹವೂ ಚೆನ್ನಾಗಿ ಆಯಿತು.

2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಲೆಕ್ಕ ಕೇಳಿದಾಗ ಸಿಕ್ಕ ಚಿತ್ರ ಇದು: ದೇಶದಾದ್ಯಂತ ಸಂಗ್ರಹವಾಗಿದ್ದು 37,400 ಕೋಟಿ ರೂಪಾಯಿಗೂ ಹೆಚ್ಚು. ಖರ್ಚಾಗಿದ್ದು ಸುಮಾರು 9,500 ಕೋಟಿ. ಉಳಿದ 28,000 ಕೋಟಿಯಷ್ಟು ಹಣ ಸುಮ್ನೆ ಕೂತಿತ್ತು. ಖರ್ಚಾದದ್ದರಲ್ಲೂ ಕಾರ್ಮಿಕರ ಹೆಸರಿನಲ್ಲಿ ವಾಷಿಂಗ್ ಮೆಷಿನ್, ಲ್ಯಾಪ್‌ಟಾಪ್ ಕೊಂಡದ್ದು ಕೋರ್ಟಿನ ಗಮನಕ್ಕೆ ಬಂದಿತ್ತು.

ಹೀಗೆ ಯಾಕಾಯಿತು? ಮುಖ್ಯ ಕಾರಣ ಸಾಬೀತು ಮಾಡುವ ಹೊರೆ. ಈ ಹಣದಿಂದ ಸೌಲಭ್ಯ ಕೊಡುವ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸದಸ್ಯನಾಗಲು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಮಾಡಿದ್ದೇನೆ ಅಂತ ಪ್ರಮಾಣಪತ್ರ ತರಬೇಕು. ಯಾದಗಿರಿಯಿಂದ ಬೆಂಗಳೂರಿಗೆ ಬಂದ ಗಾರೆ ಕೆಲಸದವಳನ್ನು ನೆನೆಯಿರಿ. ಬೆಳಗ್ಗೆ ಏಳಕ್ಕೆ ಬುತ್ತಿ ಕಟ್ಟಿಕೊಂಡು ಸರ್ಕಲ್‌ನಲ್ಲಿ ನಿಲ್ಲುತ್ತಾಳೆ. ಯಾರೋ ಮೇಸ್ತ್ರಿ ಬಂದು ಕರೆದುಕೊಂಡು ಹೋಗುತ್ತಾನೆ. ಸಂಜೆ ಕೂಲಿ ಕೈಗೆ. 90 ದಿನದಲ್ಲಿ ಎಷ್ಟು ಮೇಸ್ತ್ರಿಗಳೋ, ಎಷ್ಟು ಕಟ್ಟಡಗಳೋ. ಅವರಲ್ಲಿ ಯಾರು ಸಹಿ ಹಾಕುತ್ತಾರೆ? ಸಹಿ ಹಾಕಿದರೆ ತನ್ನ ಮೇಲೆ ಏನಾದರೂ ಬರುತ್ತದೆ ಎಂದು ಮೇಸ್ತ್ರಿ ಹೆದರುತ್ತಾನೆ. ಅತ್ತ ಕಾಗದ ಪತ್ರ ಹೊಂದಿಸುವುದು ಗೊತ್ತಿರುವವರು, ಒಂದು ಇಟ್ಟಿಗೆಯನ್ನೂ ಹೊರದವರು, ಲೇಬರ್ ಕಾರ್ಡ್ ಮಾಡಿಸಿಕೊಂಡರು. ನಕಲಿ ಕಾರ್ಡ್‌ಗಳನ್ನು ಹುಡುಕಿ ರದ್ದು ಮಾಡುವುದೇ ನಮ್ಮ ಕಾರ್ಮಿಕ ಇಲಾಖೆಗೆ ದೊಡ್ಡ ಕೆಲಸವಾಯಿತು. ರದ್ದು ಮಾಡಲು ದಾಖಲೆ ಬಿಗಿ ಮಾಡಿದರೆ ಮೊದಲು ಹೊರಗೆ ಬೀಳುವವಳು ಮತ್ತೆ ಆ ಗಾರೆ ಕೆಲಸದವಳೇ.

ಇನ್ನೊಂದು ಕಾರಣ ಇದೆ. ಇದರ ಬಗ್ಗೆ ಚರ್ಚೆ ಕಡಿಮೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗೆ ಇಳಿದರು. ದೊಡ್ಡ ನಾಯಕರು ಯಾರೂ ಇರಲಿಲ್ಲ. ಪಿಎಫ್‌ನಲ್ಲಿ ಮಾಲೀಕನ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ಹಿಂಪಡೆಯಿತು. ಆ ಹೆಂಗಸರಿಗೆ ತಮ್ಮ ಪಿಎಫ್ ಎಷ್ಟು, ಯಾವಾಗ ಕೈಗೆ ಬರುತ್ತದೆ, ಮಗಳ ಮದುವೆಗೋ ಮನೆ ರಿಪೇರಿಗೋ ಎಂಬ ಲೆಕ್ಕ ಇತ್ತು. ಯಾಕೆಂದರೆ ಅದು ಹೆಸರಿರುವ ಖಾತೆ. ಕಟ್ಟಡ ಕಾರ್ಮಿಕರ 28,000 ಕೋಟಿ ಹೆಸರಿಲ್ಲದ ರಾಶಿ. ಅದರಲ್ಲಿ ತನ್ನದು ಎಷ್ಟು ಎಂದು ಒಬ್ಬ ಕಾರ್ಮಿಕನಿಗೂ ಗೊತ್ತಿರಲಿಲ್ಲ. ಹಾಗಾಗಿ ಅದು ಕೊಳೆಯುತ್ತಿದ್ದಾಗ ಅಷ್ಟು ಜನ ಒಟ್ಟಿಗೆ ಬೀದಿಗೆ ಬರಲಿಲ್ಲ.

ಗಿಗ್ ಕೆಲಸದಲ್ಲಿ ಈ ಎರಡು ಕಾರಣಗಳಲ್ಲಿ ಮೊದಲನೆಯದು ಅರ್ಧ ಪರಿಹಾರವಾಗಿದೆ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿಂದ ಎಲ್ಲಿಗೆ ಎಂಬ ದಾಖಲೆ ಆ್ಯಪ್‌ನಲ್ಲೇ ಇದೆ. ಕೆಲಸಗಾರರ ವಿವರವನ್ನು ಕಂಪನಿಯೇ ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕೊಡಬೇಕು ಎಂದು ಕರ್ನಾಟಕದ ಕಾನೂನು ಹೇಳುತ್ತದೆ. ಸಾಬೀತಿನ ಹೊರೆ ಬಡವನಿಂದ ಕಂಪನಿಯ ಕಡೆಗೆ ಸರಿದಿದೆ. ನನ್ನ ಪ್ರಕಾರ ಈ ಕಾನೂನಿನ ಅತಿ ಒಳ್ಳೆಯ ಅಂಶ ಇದೇ. ಎರಡನೆಯದು ಹಾಗೇ ಉಳಿದಿದೆ. ಶುಲ್ಕ ಹೋಗುವುದು ಸಾಮೂಹಿಕ ನಿಧಿಗೆ. ವಿಮೆಗೆ ರಾಶಿಯೇ ಬೇಕು, ಸರಿ. ಆದರೆ "ಈ ಆರ್ಡರ್‌ಗೆ ನಿನ್ನ ಹೆಸರಲ್ಲಿ ಇಷ್ಟು ಪೈಸೆ ಕಟ್ಟಿದೆ" ಎಂದು ಕೆಲಸಗಾರನ ಪರದೆಯ ಮೇಲೆ ಒಂದು ಸಾಲು ಕಾಣಿಸಬೇಕು. ಇನ್ಸೆಂಟಿವ್ ಎಷ್ಟು, ದಂಡ ಎಷ್ಟು ಎಂದು ತೋರಿಸುವ ಆ್ಯಪ್‌ಗೆ ಇದು ಕಷ್ಟವಲ್ಲ.

ಆ್ಯಪ್ ಇಲ್ಲದವರು

ಇಷ್ಟೆಲ್ಲ ಚರ್ಚೆ ಎಷ್ಟು ಜನರ ಬಗ್ಗೆ? ನೀತಿ ಆಯೋಗದ ಅಂದಾಜಿನಂತೆ 2020-21ರಲ್ಲಿ ಗಿಗ್ ಕೆಲಸಗಾರರು 77 ಲಕ್ಷ. 2029-30ಕ್ಕೆ ಅದು 2.35 ಕೋಟಿ ಆಗಬಹುದು. ಇ-ಶ್ರಮ್ ಪೋರ್ಟಲ್ 2021ರ ಆಗಸ್ಟ್‌ನಲ್ಲಿ ಶುರುವಾಯಿತು. ಅಲ್ಲಿ ಹೆಸರು ಬರೆಸಿಕೊಂಡ ಅಸಂಘಟಿತ ಕಾರ್ಮಿಕರು 30 ಕೋಟಿ ದಾಟಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರು. ಹೊಲದ ಕೂಲಿ, ಮನೆಗೆಲಸ, ಸೊಪ್ಪು ಮಾರಾಟ. ಇವರ ದುಡಿಮೆಯನ್ನು ಯಾವ ಆ್ಯಪ್ ದಾಖಲಿಸುತ್ತದೆ? ಸೊಪ್ಪು ಮಾರುವವಳಿಗೆ ವಂತಿಗೆ ಕಟ್ಟಲು ಮಾಲೀಕನೂ ಇಲ್ಲ, ಸೆಸ್ ಹಾಕಲು ಕಟ್ಟಡವೂ ಇಲ್ಲ, ಶುಲ್ಕ ಹಾಕಲು ಆರ್ಡರ್ರೂ ಇಲ್ಲ.

ಅವಳೇ ಕಟ್ಟಲಿ ಎಂಬ ದಾರಿಯನ್ನು ಸರ್ಕಾರ ನೋಡಿಯಾಗಿದೆ. 2019ರಲ್ಲಿ ಬಂದ ಶ್ರಮಯೋಗಿ ಮಾನ್‌ಧನ್ ಯೋಜನೆಯಲ್ಲಿ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ, ಸರ್ಕಾರವೂ ಅಷ್ಟೇ ಹಾಕುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000. ಕೇಳಲು ಚೆನ್ನಾಗಿದೆ. ಸೇರಿದವರು ಮಾತ್ರ ಅರ್ಧ ಕೋಟಿಯ ಆಸುಪಾಸು. ಮಳೆ ಬಂದರೆ ವ್ಯಾಪಾರ ಇಲ್ಲ, ಜ್ವರ ಬಂದರೆ ಕೂಲಿ ಇಲ್ಲ ಎನ್ನುವವರಿಗೆ ಇಪ್ಪತ್ತು ಮೂವತ್ತು ವರ್ಷ ತಪ್ಪದೆ ಕಂತು ಕಟ್ಟು ಅಂದರೆ ಹೇಗೆ?

ಬೇರೆ ದೇಶಗಳು ಏನು ಮಾಡಿವೆ? ಬ್ರೆಜಿಲ್ 2009ರಿಂದ ಸಣ್ಣ ಸ್ವಂತ ಉದ್ಯೋಗಿಗಳಿಗೆ ಒಂದೇ ಮಾಸಿಕ ಕಂತು ಇಟ್ಟಿದೆ. ಕನಿಷ್ಠ ವೇತನದ ಶೇ 5ರ ಜೊತೆಗೆ ಚಿಲ್ಲರೆ ತೆರಿಗೆ. ಅದಕ್ಕೆ ಪಿಂಚಣಿ, ಕಾಯಿಲೆ ಭತ್ಯೆ, ಹೆರಿಗೆ ಭತ್ಯೆ ಸಿಗುತ್ತದೆ. ಕೋಟಿಗೂ ಹೆಚ್ಚು ಜನ ಸೇರಿದ್ದಾರೆ. ಜೊತೆಗೇ ಲೆವಿ ಹೇಳಿದ ರೋಗವೂ ಬಂತು: ಎಷ್ಟೋ ಮಾಲೀಕರು ತಮ್ಮ ನೌಕರರನ್ನೇ "ಸ್ವಂತ ಉದ್ಯೋಗಿ" ಎಂದು ಬರೆಸಿದರು. ಥಾಯ್ಲೆಂಡ್ ಇನ್ನೊಂದು ದಾರಿ ಹಿಡಿಯಿತು. 2002ರಲ್ಲಿ ಆರೋಗ್ಯವನ್ನು ಕೆಲಸದಿಂದ ಬಿಡಿಸಿ ಪೌರತ್ವಕ್ಕೆ ಕಟ್ಟಿತು. ನೌಕರಿಯ ವಿಮೆ ಇಲ್ಲದವರ ಚಿಕಿತ್ಸೆಯ ಖರ್ಚು ತೆರಿಗೆ ಹಣದಿಂದ. ನೀನು ಯಾರ ಕೈಕೆಳಗೆ ದುಡಿಯುತ್ತೀಯ ಎಂದು ಆಸ್ಪತ್ರೆ ಕೇಳುವುದಿಲ್ಲ.

ನಮ್ಮಲ್ಲೂ ಎರಡನೆಯ ದಾರಿಯ ತುಣುಕುಗಳಿವೆ. ಪಡಿತರ ಅಂಗಡಿಯಲ್ಲಿ ಯಾರೂ ಹಾಜರಿ ಪುಸ್ತಕ ಕೇಳುವುದಿಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಕೊಡುತ್ತದೆ. ಆದರೆ ಕೇಂದ್ರದ ವೃದ್ಧಾಪ್ಯ ಪಿಂಚಣಿಯ ಪಾಲು 79 ವರ್ಷದವರೆಗಿನವರಿಗೆ ತಿಂಗಳಿಗೆ 200 ರೂಪಾಯಿ. 2007ರಲ್ಲೂ 200, ಇಷ್ಟು ವರ್ಷಗಳ ಮೇಲೂ 200. 2007ರಲ್ಲಿ ಆ ದುಡ್ಡಿಗೆ ಬರುತ್ತಿದ್ದ ಬೇಳೆ, ಎಣ್ಣೆ ಈಗ ಎಷ್ಟು ಬರುತ್ತದೆ ಎಂದು ಪಿಂಚಣಿ ತೆಗೆದುಕೊಳ್ಳುವ ಅಜ್ಜಿಗೆ ಚೆನ್ನಾಗಿ ಗೊತ್ತು. ವಂತಿಗೆಯ ಕಾನೂನುಗಳು ಎಷ್ಟೇ ಬಂದರೂ ಬಹುಸಂಖ್ಯಾತರನ್ನು ಮುಟ್ಟುವುದು ತೆರಿಗೆಯ ಹಣವೇ. ಆ ಮೊತ್ತ ಏರಿಸದೆ ಬರೀ ಪೋರ್ಟಲ್‌ನಲ್ಲಿ ಹೆಸರು ಬರೆಸಿದರೆ ಕೈಗೆ ಸಿಗುವುದು ಒಂದು ಕಾರ್ಡ್ ಅಷ್ಟೇ.

ಮುಂದೆ ನೋಡಬೇಕಾದದ್ದು

ಗ್ರಾಹಕರ ಬಿಲ್ಲಿನಲ್ಲಿ ಒಂದೆರಡು ರೂಪಾಯಿ ಹೆಚ್ಚಾಗಬಹುದು. ಪ್ಲಾಟ್‌ಫಾರ್ಮ್ ಶುಲ್ಕ ಅಂತ ಈಗಾಗಲೇ ಕೊಡುತ್ತಿರುವವರಿಗೆ ಅದು ದೊಡ್ಡದಾಗಿ ಕಾಣದು. ಅದಕ್ಕಿಂತ ಗಮನ ಕೊಡಬೇಕಾದದ್ದು ಕೆಲಸಗಾರನ ದರ. ಶುಲ್ಕವನ್ನು ಅವನಿಂದ ಹಿಡಿಯುವಂತಿಲ್ಲ, ನಿಜ. ಆದರೆ ಆರ್ಡರ್ ದರವೇ 40ರಿಂದ 39ಕ್ಕೆ ಇಳಿದರೆ ಅದು ಶುಲ್ಕದಿಂದ ಇಳಿಯಿತೆಂದು ಹೇಳುವವರು ಯಾರು? ದರ ಹೇಗೆ ನಿಗದಿಯಾಗುತ್ತದೆ ಎಂದು ತಿಳಿಸಬೇಕೆಂಬ ನಿಯಮವನ್ನು ಮಂಡಳಿ ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂಬುದರ ಮೇಲೆ ಇದು ನಿಂತಿದೆ.

ಮಂಡಳಿ ನಡೆಯುತ್ತದೆಯೇ ಎಂಬ ಪ್ರಶ್ನೆಯೂ ಇದೆ. ಗಿಗ್ ಕೆಲಸಗಾರರಿಗೆ ದೇಶದಲ್ಲೇ ಮೊದಲು ಕಾನೂನು ಮಾಡಿದ್ದು ರಾಜಸ್ಥಾನ, 2023ರಲ್ಲಿ. ಆ ವರ್ಷದ ಕೊನೆಗೆ ಸರ್ಕಾರ ಬದಲಾಯಿತು, ಜಾರಿಯ ಕೆಲಸ ಕುಂಟಿತು.

ಎಲ್ಲಕ್ಕಿಂತ ಹತ್ತಿರದಿಂದ ನೋಡಬೇಕಾದದ್ದು ದಿನಗಳ ಎಣಿಕೆ. 2025ರ ಡಿಸೆಂಬರ್ ಕೊನೆಯಲ್ಲಿ ಕೇಂದ್ರ ಪ್ರಕಟಿಸಿದ ಕರಡು ನಿಯಮಗಳ ಪ್ರಕಾರ, ಸೌಲಭ್ಯ ಬೇಕಾದರೆ ಹಿಂದಿನ ಹಣಕಾಸು ವರ್ಷದಲ್ಲಿ ಒಂದೇ ಕಂಪನಿಯಲ್ಲಿ 90 ದಿನ, ಅಥವಾ ಹಲವು ಕಂಪನಿ ಸೇರಿ 120 ದಿನ ದುಡಿದಿರಬೇಕು. ಒಂದು ದಿನ ಎಷ್ಟೇ ಕಡಿಮೆ ದುಡಿದಿರಲಿ, ಅದು ಒಂದು ದಿನದ ಲೆಕ್ಕ. ಒಂದೇ ದಿನ ಮೂರು ಕಂಪನಿಗೆ ದುಡಿದರೆ ಮೂರು ದಿನ. ಇದು ಉದಾರವಾದ ಲೆಕ್ಕವೇ. ಪೂರ್ತಿ ವರ್ಷ ಓಡಿಸುವವನಿಗೆ 90 ದಿನ ಕಷ್ಟವೂ ಅಲ್ಲ.

ಆದರೆ ರಾಯಚೂರಿನ ಕಡೆಯಿಂದ ಬರುವ ಹುಡುಗನ ವರ್ಷ ಹಾಗಿರುವುದಿಲ್ಲ. ಹೊಲದಲ್ಲಿ ಕೆಲಸ ಇಲ್ಲದ ತಿಂಗಳುಗಳಲ್ಲಿ ಬೆಂಗಳೂರಿಗೆ ಬಂದು ಸ್ನೇಹಿತನ ರೂಮಿನಲ್ಲಿ ಉಳಿದು, ಬಾಡಿಗೆ ಗಾಡಿಯಲ್ಲಿ ಡೆಲಿವರಿ ಮಾಡುತ್ತಾನೆ. ಹತ್ತಿ ಬಿಡಿಸುವ ಹೊತ್ತಿಗೆ ಊರಿಗೆ ಹೋಗುತ್ತಾನೆ. ಒಟ್ಟು ಎಂಬತ್ತು ದಿನ ಆಗಿರುತ್ತದೆ. ಅವನ ದುಡಿಮೆಯನ್ನೂ ಲೆಕ್ಕಕ್ಕೆ ಸೇರಿಸಿಯೇ ಕಂಪನಿ ವಂತಿಗೆ ಕಟ್ಟಿರುತ್ತದೆ. ಆ ಎಂಬತ್ತು ದಿನದ ದಾಖಲೆ ಆ್ಯಪ್‌ನಲ್ಲಿ ಗಂಟೆ ನಿಮಿಷದ ಸಮೇತ ಇರುತ್ತದೆ. ಸೌಲಭ್ಯದ ಪಟ್ಟಿಯಲ್ಲಿ ಮಾತ್ರ ಅವನ ಹೆಸರು ಇರುವುದಿಲ್ಲ. ಅಂತಿಮ ನಿಯಮಗಳಲ್ಲಿ ಮೊದಲು ತೆರೆದು ನೋಡಬೇಕಾದ ಪುಟ ಅದು.